ಸಿದ್ದೀಕಾಳ ಕಾರಿನ ತಂಪು

ನಮ್ಮ ಓಣಿಯ ಸಿದ್ದೀಕಾ ಕೂತು ಚಹಾ ಕುಡಿದದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಬಸಿ ಕೈಯಲ್ಲಿರುತ್ತದೆ, ಒಂದು ಕಾಲು ಆಗಲೇ ಹೊಸ್ತಿಲಿನ ಆಚೆ ಇರುತ್ತದೆ. "ಕುಂದ್ರ ಮಾರಾಯ್ತಿ" ಅಂದರೆ "ಕುಂತೇನ್ರಿ ಅಕ್ಕೋರ" ಅನ್ನುತ್ತಾಳೆ, ಅನ್ನುತ್ತಲೇ ಹೊರಟಿರುತ್ತಾಳೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನಾನು ಬೈಯುವುದು, ಅವಳು ನಗುವುದು, ಇದು ನಮ್ಮಿಬ್ಬರ ದಿನನಿತ್ಯದ ವ್ಯವಹಾರ.

ನಾನು ಇಂದುಬಾಯಿ. ಇಂಡಿಯಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ನನ್ನ ಸಿಟ್ಟಿಗೆ ಮಾತ್ರ ಇನ್ನೂ ನಿವೃತ್ತಿಯಾಗಿಲ್ಲ. ಸಿದ್ದೀಕಾ ನನ್ನ ಎದುರು ಮನೆಯವಳು. ಬ್ಲೌಸು, ಚೂಡಿದಾರ ಹೊಲಿಯುತ್ತಾಳೆ. ಹೊಲಿಗೆ ಯಂತ್ರ ಕೆಟ್ಟರೆ ಯಾರನ್ನೂ ಕರೆಯುವುದಿಲ್ಲ, ನೆಲದ ಮೇಲೆ ಚಾದರ ಹಾಸಿ ತಾನೇ ಬಿಚ್ಚಿ ತಾನೇ ಜೋಡಿಸುತ್ತಾಳೆ. ಗಂಡ ಖಲೀಲ ಲಿಂಬೆಹಣ್ಣಿನ ಲಾರಿ ಓಡಿಸುತ್ತಾನೆ. ಇಂಡಿಯ ಲಿಂಬೆ ಎಲ್ಲೆಲ್ಲಿ ಮಾರಾಟವಾಗುತ್ತದೋ ಅವನು ಅಲ್ಲೆಲ್ಲ ಇರುತ್ತಾನೆ, ಮನೆಯಲ್ಲಿರುವುದು ಕಡಿಮೆ. ಮನೆಯಲ್ಲಿ ಅತ್ತೆ ಜೈತುನಬಿ, ಮತ್ತೆ ಮಗಳು ಇರಮ.

ಇರಮಳ ವಿಷಯ ಮೊದಲು ಹೇಳಬೇಕು. ಆ ಹುಡುಗಿಗೆ ಬೆವರು ಬರುವುದಿಲ್ಲ. ಹುಟ್ಟಿನಿಂದಲೇ ಹಾಗೆ. ತಲೆಗೂದಲು ತೆಳು, ಹಲ್ಲು ನಾಲ್ಕೈದೇ, ಅವೂ ಚೂಪು. ಬೆವರು ಬರುವುದಿಲ್ಲ ಎಂದು ಕೇಳಿ "ಪುಣ್ಯಾ ಮಾಡಿದಾಕಿ" ಎಂದವರಿದ್ದಾರೆ. ಅಂಥವರನ್ನು ಕಂಡರೆ ನನ್ನ ಸಿಟ್ಟು ನೆತ್ತಿಗೇರುತ್ತದೆ. ಬೆವರದ ಮೈ ನಮ್ಮ ಕಡೆಯ ಬಿಸಿಲಿನಲ್ಲಿ ರೊಟ್ಟಿಯ ಹಂಚಿನ ಹಾಗೆ ಕಾಯುತ್ತದೆ, ತಾನಾಗಿ ಆರುವುದಿಲ್ಲ. ಶಾಲೆಯಲ್ಲಿ ನಾನು ಅವಳ ತಲೆಯ ಮೇಲೆ ಹಸಿ ಟವೆಲ್ ಹಾಕಿ ಕೂರಿಸುತ್ತಿದ್ದೆ, ಒಣಗಿದರೆ ಮತ್ತೆ ತೋಯಿಸುತ್ತಿದ್ದೆ. ಹೋಳಿ ಮುಗಿದ ಮೇಲೆ ಅವಳು ಮನೆಯಿಂದ ಹೊರಗೆ ಬರುವುದಿಲ್ಲ. ಕೂಲರ್ ಮುಂದೆ ಕೂತು ಗೊಂಬೆಗೆ ಚಿಂದಿ ಬಟ್ಟೆಯ ಅಂಗಿ ಹೊಲಿಯುತ್ತಾಳೆ, ಕರೆಂಟ್ ಹೋದರೆ ಬಚ್ಚಲಿನಲ್ಲಿ ಕೂರುತ್ತಾಳೆ.

ಎರಡು ಬೇಸಿಗೆಯ ಹಿಂದೆ ಸಿಂದಗಿಯಿಂದ ಬಸ್ಸಿನಲ್ಲಿ ಬರುವಾಗ ಹುಡುಗಿ ಕಣ್ಣು ಮೇಲೆ ಮಾಡಿತು, ಕೈಕಾಲು ಸೆಟೆದವು. ಕಂಡಕ್ಟರ್ ಬಸ್ಸು ನಿಲ್ಲಿಸಿ, ಯಾರದೋ ಹೊಲದ ಬೋರಿನ ನೀರಿಗೆ ಅವಳನ್ನು ಎತ್ತಿ ಹಿಡಿದ. ಬದುಕಿತು. ಆವತ್ತಿನಿಂದ ಸಿದ್ದೀಕಾ ಕಾರಿನ ಜಪ ಹಿಡಿದಳು. ಹೋದ ದೀಪಾವಳಿಯ ಹೊತ್ತಿಗೆ ಖಲೀಲ ಒಂದು ಹಳೇ ಬಿಳಿ ಕಾರು ತಂದ. ಇರಮಳಿಗಿಂತ ವಯಸ್ಸಾದ ಕಾರು, ಬಾಗಿಲು ಎಳೆದರೆ ಹೆಬ್ಬಾಗಿಲಿನ ಸದ್ದು. ಆದರೆ ಎಸಿ ಹಾಕಿದರೆ ಹಲ್ಲು ಕಟಕಟ ಅನ್ನುತ್ತಿತ್ತು. ಸಿದ್ದೀಕಾ ಡ್ರೈವಿಂಗ್ ಕಲಿತಳು. ಓಣಿಯ ಗಂಡಸರು ನಕ್ಕರು, ಅವಳು ಹಾರ್ನ್ ಹೊಡೆದಳು.

ಹೊಸ ವರ್ಷ ಬಂದ ಮೇಲೆ ನಾಲತವಾಡದಿಂದ ಸುದ್ದಿ ಬಂತು. ಅದು ಸಿದ್ದೀಕಾಳ ತವರು. ತಂಗಿ ಶಬಾನಾಳ ನಿಕಾಹ್ ಬೇಸಿಗೆಗೆ ನಿಶ್ಚಯವಾಗಿತ್ತು. ನಮ್ಮ ಕಡೆ ಲಗ್ನಗಳೆಲ್ಲ ಬೇಸಿಗೆಯಲ್ಲೇ, ಹೊಲವೂ ಖಾಲಿ, ಶಾಲೆಯೂ ಖಾಲಿ. ಹಾಗಾಗಿ ಹತ್ತು ವರ್ಷದ ಇರಮ ಒಂದು ಲಗ್ನವನ್ನೂ ಕಣ್ಣಾರೆ ಕಂಡಿರಲಿಲ್ಲ. ಈ ಸಲ ಕಾರಿದೆ, ಹೋಗೋಣ ಎಂದು ತಾಯಿ ಮಾತು ಕೊಟ್ಟುಬಿಟ್ಟಳು. ಚಿಕ್ಕಮ್ಮನಿಗೆ ಖಾಲಾ ಅನ್ನುವ ಹುಡುಗಿ, ಖಾಲಾಳ ಲಗ್ನ ಖಾಲಾಳ ಲಗ್ನ ಎಂದು ಓಣಿಯೆಲ್ಲ ಹೇಳಿ ಮುಗಿಸಿತು.

ಏಪ್ರಿಲ್ ಬಂತು, ಎಸಿ ಕೈಕೊಟ್ಟಿತು.

ಇರಮಳನ್ನು ವಿಜಯಪುರದ ಡಾಕ್ಟರರಿಗೆ ತೋರಿಸಲು ಹೊರಟಿದ್ದರು. ಹೊರ್ತಿ ದಾಟುವ ಮೊದಲೇ ಕಿಂಡಿಯಿಂದ ಬಿಸಿ ಗಾಳಿ ಬರತೊಡಗಿತು. ಹುಡುಗಿಯ ಗಲ್ಲ ಕೆಂಪಾದವು. ಸಿದ್ದೀಕಾ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ತಂದಿದ್ದ ನೀರನ್ನೆಲ್ಲ ಅವಳ ಮೇಲೆ ಸುರಿದು, ಬಿಸಿಲು ಇಳಿಯುವವರೆಗೆ ಅಲ್ಲೇ ಬೀಸಣಿಗೆ ಹಾಕುತ್ತ ನಿಂತಳು. ಮನೆಗೆ ಬಂದವಳು ನನ್ನ ಮುಂದೆ ಒಂದೇ ಮಾತು ಹೇಳಿದಳು.

"ಅಕ್ಕೋರ, ಇದು ರಿಪೇರಿ ಆಗ್ಲಿಲ್ಲಂದ್ರ ನಾ ಮಗಳನ್ನ ಬಿಟ್ಟು ತಂಗಿ ಲಗ್ನಕ್ಕ ಹೋಗಬೇಕು, ಇಲ್ಲಾ ತಂಗೀನ ಬಿಟ್ಟು ಮಗಳ ಕೂಡ ಕುಂದ್ರಬೇಕು."

ಮರುದಿನ ಬೆಳಿಗ್ಗೆಯೇ ಗ್ಯಾರೇಜಿನ ಗುರಪ್ಪನ ಹತ್ತಿರ ಹೋದಳು. ಗುರಪ್ಪ ಎಸಿ ಹಾಕಿದ, ಕಿಂಡಿಗೆ ಕೈಯಿಟ್ಟ, ತಂಪಾಗಿತ್ತು.

"ಚಲೋನ ಐತಲ್ರೀ ತಂಗಿ. ಬರ್ಫ ಬಿದ್ದಂಗ ಬೀಳಾಕತ್ತೈತಿ" ಅಂದ.

"ಈಗ ತಂಪ ಇರ್ತೈತ್ರಿ. ಮಧ್ಯಾಹ್ನ ನೋಡ್ರಿ" ಅಂದಳು ಇವಳು.

ಮಧ್ಯಾಹ್ನ ಗುರಪ್ಪನಿಗೆ ಪುರಸೊತ್ತಿಲ್ಲ. ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಇನ್ನೊಂದು ದಿನ ಒಂದು ಗಳಿಗೆ ಬಿಡುವು ಮಾಡಿಕೊಂಡು ನೋಡಿದವನು, ಹಳೇ ಗಾಡಿ, ಕಂಪ್ರೆಸರ್ ಹೋಗಿರಬೇಕು, ಲಗ್ನದ ಸೀಜನ್ ಮುಗಿಯಲಿ, ಬಿಚ್ಚಿ ನೋಡೋಣ ಅಂದ. ಲಗ್ನದ ಸಲುವಾಗಿಯೇ ಬಂದವಳಿಗೆ ಲಗ್ನದ ಸೀಜನ್ ಮುಗಿಯಲಿ ಎಂದರೆ ಹೇಗಾಗಬೇಡ. ಅವನ ತಪ್ಪೇನೂ ಇರಲಿಲ್ಲ, ಆದರೂ ಅವಳ ಪರವಾಗಿ ನಾನು ಮನೆಯಲ್ಲೇ ಕೂತು ಅವನನ್ನು ಬೈದೆ.

ಅಲ್ಲಿಂದ ಸಿದ್ದೀಕಾಳಿಗೆ ಹುಚ್ಚು ಹಿಡಿಯಿತು. ಹೊಲಿಗೆ ಯಂತ್ರಕ್ಕೆ ಹಾಸುವ ಚಾದರವನ್ನು ಕಾರಿನ ಮುಂದೆ ಹಾಸಿದಳು. ಫೋನನ್ನು ಗಾಜಿಗೆ ಒರಗಿಸಿ ಯಾರಾರದೋ ವಿಡಿಯೋ ಹಚ್ಚಿದಳು. ಒಬ್ಬ ಹಿಂದಿಯಲ್ಲಿ ಹೇಳುವುದು, ಇನ್ನೊಬ್ಬ ತಮಿಳಿನಲ್ಲಿ ಹೇಳುವುದು, ಇವಳು ಮಾತು ಬಿಟ್ಟು ಅವರ ಕೈಯನ್ನಷ್ಟೇ ನೋಡುವುದು. ಮೊದಲ ದಿನ ಡ್ಯಾಶ್‌ಬೋರ್ಡಿನ ಒಳಗಿದ್ದ ಗಾಳಿಯ ಫಿಲ್ಟರ್ ಕಿತ್ತು ಝಾಡಿಸಿದಳು. ಧೂಳು ಬಂತು, ತಂಪು ಬರಲಿಲ್ಲ. ಆಮೇಲೆ ಕಂಪ್ರೆಸರ್ ತಿರುಗಿಸುವ ಬೆಲ್ಟ್ ಸಡಿಲವಾಗಿದೆ ಎಂದು ಬಿಗಿದಳು. ಚೀರುತ್ತಿದ್ದ ಸದ್ದು ನಿಂತಿತು, ತಂಪು ಬರಲಿಲ್ಲ. ಮುಂದಿನ ಫ್ಯಾನ್ ತಿರುಗುತ್ತಿಲ್ಲವೇನೋ ಎಂದು ಫ್ಯೂಜ್ ಬದಲಿಸಿದಳು. ಫ್ಯಾನ್ ಮೊದಲೂ ತಿರುಗುತ್ತಿತ್ತು, ಈಗಲೂ ತಿರುಗಿತು. ಹೊಲಿಗೆಯ ಬಟ್ಟೆ ಗಂಟು ಗಂಟಾಗಿ ಬಾಗಿಲಲ್ಲಿ ಬಿದ್ದಿದ್ದವು. ಬಂದ ಹೆಂಗಸರು ಬ್ಲೌಸು ಕೇಳಿದರೆ ಕಾರಿನ ಕೆಳಗಿನಿಂದ "ನಾಳೆ ಬರ್ರಿ" ಎಂಬ ಧ್ವನಿ ಬರುತ್ತಿತ್ತು.

ಜೈತುನಬಿಗೆ ಇದು ಸರಿ ಬರಲಿಲ್ಲ. ಕಟ್ಟೆಗೆ ಬಂದು ನನ್ನೆದುರೇ ಸೊಸೆಗೆ ಹೇಳಿದಳು.

"ಹುಡುಗಿ ನನ್ನ ಕೂಡ ಇರ್ತಾಳ. ನೀ ಹೋಗಿ ಬಾ. ಅಷ್ಟ ದೂರ ಬಿಸಲಾಗ ಕರಕೊಂಡ ಹೋಗಿ ಏನರ ಆದ್ರ ಯಾರ ಹೊಣಿ?"

"ಅತ್ತಿ, ಅಕಿಗೆ ಮಾತ ಕೊಟ್ಟೇನಿ."

"ಮಾತ ಮುಖ್ಯನೋ ಜೀವ ಮುಖ್ಯನೋ?"

ಸಿದ್ದೀಕಾ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಕಾರಿನ ಕಡೆ ನಡೆದಳು. ಮುದುಕಿ ಹೇಳಿದ್ದು ಸುಳ್ಳಲ್ಲ ಎಂದು ನನಗೂ ಅನ್ನಿಸಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಅದಕ್ಕೆ ನಾನು ಸುಮ್ಮನಿದ್ದೆ. ಹುಡುಗಿ ಕಿಟಕಿಯ ಸರಳು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತಿತ್ತು.

ಮರುದಿನ ಮಧ್ಯಾಹ್ನ ಬಾಗಿಲಿನಿಂದ ಎದುರು ಮನೆಯ ಕಡೆ ನೋಡಿದೆ. ಸಿದ್ದೀಕಾ ಬಾನೆಟ್ಟಿನೊಳಗೆ ತಲೆ ಹಾಕಿ, ಗ್ಯಾಸ್ ತುಂಬಿದ ಅಲ್ಯುಮಿನಿಯಂ ಪೈಪಿನ ನಟ್ಟಿಗೆ ಪಾನಾ ಕೊಟ್ಟು ಎಳೆಯುತ್ತಿದ್ದಾಳೆ. ನನಗೆ ಯಂತ್ರದ ಗಂಧವಿಲ್ಲ, ಆದರೆ ಆ ವಿಡಿಯೋದವನು ಈ ಪೈಪು ಮುಟ್ಟಬೇಡಿ, ಒಳಗೆ ಒತ್ತಡ ಇರುತ್ತದೆ, ಕಣ್ಣು ಹೋಗುತ್ತದೆ ಎಂದದ್ದನ್ನು ನಾನೂ ಕೇಳಿದ್ದೆ. ಚಪ್ಪಲಿ ಮೆಟ್ಟದೆ ಓಡಿದೆ. ಕಾದ ಡಾಂಬರು ಅಂಗಾಲು ಸುಟ್ಟಿತು.

"ಬಿಡ ಅದನ್ನ. ಕಣ್ಣ ಕಳಕೊಂಡ ಮಗಳ ಲಗ್ನ ಹ್ಯಾಂಗ ನೋಡ್ತಿ?" ಎಂದು ಪಾನಾ ಕಸಿದುಕೊಂಡೆ.

"ಮಗಳ ಲಗ್ನ ಅಲ್ರಿ, ತಂಗಿ ಲಗ್ನ" ಎಂದು ಆ ಹೊತ್ತಿನಲ್ಲೂ ನನ್ನನ್ನು ತಿದ್ದಿದಳು. ಆಮೇಲೆ ಬಂಪರಿಗೆ ಒರಗಿದಳು. "ಎಲ್ಲಾ ನೋಡಿದೆ ಅಕ್ಕೋರ. ಉಳಿದಿದ್ದು ಇದೊಂದ."

ನಾನು ಪಾನಾ ಮನೆಗೆ ಒಯ್ದು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟೆ. ಅವಳು ಕೈಗೆ ಏನೂ ಇಲ್ಲದೆ, ಸುಮ್ಮನಿರಲಾರದೆ, ಕಾರು ತೊಳೆಯತೊಡಗಿದಳು. ತಂಬಿಗೆಯಿಂದ ಮುಂದಿನ ಜಾಲರಿಗೆ ನೀರು ಎರಚಿದಳು. ಒಮ್ಮೆ ಎರಚಿದಳು, ಮತ್ತೆ ಎರಚಿದಳು, ಬಾನೆಟ್ ಎತ್ತಿ ಹಿಂದೆ ನೋಡಿದಳು.

"ಅಕ್ಕೋರ, ನೀರ ಒಳಗ ಹೋಗವಲ್ಲದು."

ಹಾಕಿದ ನೀರು ಹಾಕಿದ ಹಾಗೆಯೇ ಮುಂದಕ್ಕೆ ಇಳಿಯುತ್ತಿತ್ತು. ಕಾರಿನ ಮೂತಿಯ ಹಿಂದೆ ತೆಳು ತಗಡಿನ ಪದರಗಳ ಒಂದು ಚೌಕಟ್ಟಿರುತ್ತದೆ, ಕಂಡೆನ್ಸರ್ ಅನ್ನುತ್ತಾರೆ. ಎಸಿ ಒಳಗಿನಿಂದ ಹೊತ್ತು ತಂದ ಬಿಸಿಯನ್ನು ಹೊರಗೆ ಬಿಡುವುದು ಅಲ್ಲಿ. ಅದರ ಹಿಂದೆ ರೇಡಿಯೇಟರ್. ನಡುವೆ ಗಾಳಿ ಆಡಬೇಕು. ಅವಳು ಸ್ಕ್ರೂ ಬಿಚ್ಚಿ, ಬಂಪರನ್ನು ಎಳೆದು ಇಳಿಸಿ, ಬೆರಳು ಹಾಕಿದಳು. ಬೆರಳಿಗೆ ಬಂದದ್ದು ತೊಗರಿ ಹೊಟ್ಟು. ಇನ್ನಷ್ಟು ಕಿತ್ತಳು, ಗಾದಿಯೊಳಗಿನ ಅರಳೆಯ ಹಾಗೆ ಹೊಟ್ಟು ಬಂತು, ಎಲೆ ಬಂತು, ತೊಗರಿ ಕಾಳೂ ಒಂದೆರಡು ಬಂದವು.

ನೋಡುತ್ತಿದ್ದ ಹಾಗೆ ನಮ್ಮಿಬ್ಬರಿಗೂ ಗೊತ್ತಾಯಿತು. ಜನವರಿಯಲ್ಲಿ ಹೊರ್ತಿ ಹತ್ತಿರ ಖಲೀಲನ ಅಣ್ಣನ ಹೊಲದ ರಾಶಿ. ನಮ್ಮಲ್ಲಿ ಕಣ ಮಾಡುವ ಕಾಲ ಹೋಯಿತು, ಕೊಯ್ದ ತೊಗರಿಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ, ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸುತ್ತವೆ. ಸ್ಕೂಟರಿನವರು ಜಾರಿ ಬೀಳುತ್ತಾರೆ, ನಾನು ಎಷ್ಟು ಸಲ ಜಗಳ ತೆಗೆದಿದ್ದೇನೋ. ಆವತ್ತು ರಸ್ತೆಯಲ್ಲಿ ಗಾಡಿ ಕಡಿಮೆ ಇದ್ದವು. "ತಂಗಿ, ನಿನ್ನ ಕಾರ ಎರಡ ಸುತ್ತ ಹಾಕು" ಅಂದರಂತೆ. ಸಿದ್ದೀಕಾ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಮಧ್ಯಾಹ್ನದ ತನಕ ಓಡಿಸಿದಳು. ಚಳಿಗಾಲ ಇರಮಳ ಕಾಲ, ಹುಡುಗಿ ಗಾಜು ಇಳಿಸಿ ತಲೆ ಹೊರಗೆ ಹಾಕಿ, ಕಾಯಿ ಒಡೆಯುವ ಪಟಪಟ ಸದ್ದಿಗೆ ಇನ್ನೊಂದು ಸುತ್ತು ಇನ್ನೊಂದು ಸುತ್ತು ಎಂದು ಕೂಗಿತ್ತು. ಮನೆಗೆ ಬಂದು ನನಗೂ ಆ ಸದ್ದು ಮಾಡಿ ತೋರಿಸಿತ್ತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ನಾನು ನಗಲು ಹೋದೆ. ಸಿದ್ದೀಕಾ ನಗಲಿಲ್ಲ. ಹಸಿ ನೆಲದ ಮೇಲೆ ಕೂತುಬಿಟ್ಟಳು, ಮಡಿಲಿನಲ್ಲಿ ಹೊಟ್ಟು.

"ನಾನ ತುಂಬೇನ್ರಿ ಇದನ್ನ. ಅಕಿ ನಗತಾಳಂತ ತುಂಬೇನಿ."

"ಕೂಸಿನ ನಗಿ ನೋಡಿದ್ದು ತಪ್ಪಲ್ಲ. ಏಳು, ಬ್ರಷ್ ತಗೋ" ಅಂದೆ.

ಹೊಲಿಗೆ ಯಂತ್ರದ ಸಂದಿ ಒರೆಸುವ ಮೆತ್ತನೆಯ ಬ್ರಷ್ಷಿನಿಂದ ಸಾಲು ಸಾಲಾಗಿ ಹೊಟ್ಟು ಕೆರೆದಳು. ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟಳು, ಜೋರಾಗಿ ಬಿಟ್ಟರೆ ತಗಡು ಮಡಚುತ್ತದೆ ಎಂದು ಪೈಪಿನ ಬಾಯಿಗೆ ಬಟ್ಟೆ ಕಟ್ಟಿಕೊಂಡಳು. ಮಡಚಿದ ತಗಡಿನ ಪದರಗಳನ್ನು ದಬ್ಬಣದ ತುದಿಯಿಂದ ಒಂದೊಂದಾಗಿ ನೆಟ್ಟಗೆ ಮಾಡಿದಳು. ಇರಮ ಒಳಗಿನಿಂದಲೇ "ಆತೇನಬೇ?" ಎಂದು ಕೇಳುತ್ತಲೇ ಇದ್ದಳು. ಸೂರ್ಯ ಮುಳುಗುವ ಹೊತ್ತಿಗೆ ಹಾಕಿದ ನೀರು ಸಲೀಸಾಗಿ ಆಚೆ ಇಳಿಯಿತು.

ಮರುದಿನ ಉರಿ ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ವಿಜಯಪುರದ ರಸ್ತೆಗೆ ಹೊರಟಳು. ತಂಪು ಬಂತು. ಬಂತು ಅಂದರೆ ನಾನು ಸೆರಗು ಹೊದ್ದುಕೊಳ್ಳುವಷ್ಟು ಬಂತು. ಆದರೆ ರೈಲು ಗೇಟಿನಲ್ಲಿ ಗಾಡಿ ನಿಂತು ಸ್ವಲ್ಪ ಹೊತ್ತಾದರೆ ಗಾಳಿ ಮತ್ತೆ ಉಗುರುಬೆಚ್ಚಗಾಗುತ್ತಿತ್ತು. ಹಳೇ ಗಾಡಿಯ ಫ್ಯಾನು ಬಡವಾಗಿದೆ, ಓಡುವಾಗ ಗಾಳಿ ಸಾಕು, ನಿಂತಾಗ ಸಾಲದು. ಸಿದ್ದೀಕಾ ಇಳಿದು ಬಾಟಲಿಯ ನೀರನ್ನು ಮುಂದಿನ ಜಾಲರಿಗೆ ಹೊಯ್ದಳು, ಒಳಗೆ ಮತ್ತೆ ತಂಪಾಯಿತು.

"ನಿಂತ್ರ ನೀರು ಹಾಕಬೇಕು. ಆದ್ರ ನಿಂದ್ರೂದ ಯಾಕ? ಓಡಿಸ್ಕೋತ ಹೋಗೂದು, ಮನಿಯೊಳಗ ಕೂಲರ್ ಮುಂದ ಇಳಿಸೂದು" ಅಂದಳು. ಸೋತ ಮುಖ ತೊಳೆದ ಹಾಗಾಗಿತ್ತು.

ಜೈತುನಬಿ ಕೊನೆಯ ತನಕ ಬೇಡ ಅಂದಳು. ಹೊರಡುವ ದಿನ ಮಾತ್ರ ಎಲ್ಲರಿಗಿಂತ ಮೊದಲು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕೇಳಿದರೆ "ಹುಡುಗಿನ್ನ ನೋಡ್ಕೊಳ್ಳಾಕ ಯಾರರ ಬೇಕಲ್ಲ" ಅಂದಳು. ನಾನೂ ಇರಮಳೂ ಹಿಂದೆ. ಹೊತ್ತು ಹುಟ್ಟುವ ಮೊದಲೇ ಇಂಡಿ ಬಿಟ್ಟೆವು. ಹೂವಿನ ಹಿಪ್ಪರಗಿ ದಾಟುವಾಗ ಬೆಳಕು, ಬಸವನ ಬಾಗೇವಾಡಿಯಲ್ಲಿ ನಾವಿಬ್ಬರು ಮುದುಕಿಯರು ಚಹಾ ಕುಡಿದೆವು, ಸಿದ್ದೀಕಾ ಕಾರಿನ ಸುತ್ತ ತಿರುಗಿದಳು. ಮುದ್ದೇಬಿಹಾಳ ಬರುವಾಗ ಬಿಸಿಲು ಏರಿತ್ತು, ಒಳಗೆ ಮಾತ್ರ ಇರಮ ಗಾಜಿನ ಮೇಲೆ ಉಸಿರು ಬಿಟ್ಟು ಚಿತ್ರ ಬರೆಯುತ್ತಿದ್ದಳು. ನಾಲತವಾಡ ಮುಟ್ಟಿದೆವು. ಖಲೀಲ ಲಾರಿ ಎಲ್ಲೋ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದ. ಹುಡುಗಿಯನ್ನು ಎತ್ತಿಕೊಂಡು ಹೋಗಿ ಒಳಕೋಣೆಯ ಕೂಲರ್ ಮುಂದೆ ಇಳಿಸಿದ.

ಅದಾಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಎಲ್ಲೋ ತಂತಿ ಹರಿದಿದೆ, ಬರುವುದು ಸಂಜೆಗೆ ಎಂದು ಯಾರೋ ಫೋನ್ ಮಾಡಿ ತಿಳಿದುಕೊಂಡರು.

ಮನೆಯ ತುಂಬ ಜನ, ಒಲೆಯ ಮೇಲೆ ಅಡುಗೆಯ ದೊಡ್ಡ ಡೇಗೆ. ಕೋಣೆ ಭಟ್ಟಿಯಾಯಿತು. ಹುಡುಗಿಯ ಗಲ್ಲ ಕೆಂಪಾಗುತ್ತಿದ್ದ ಹಾಗೆ ಸಿದ್ದೀಕಾ ಅವಳನ್ನು ಮತ್ತೆ ಎತ್ತಿಕೊಂಡು ಹೊರಗೆ ಓಡಿದಳು, ಕಾರಿನಲ್ಲಿ ಹಾಕಿ ಎಂಜಿನ್ ಚಾಲೂ ಮಾಡಿದಳು. ಹಂದರದ ಪಕ್ಕದಲ್ಲಿ ನಿಂತ ಗಾಡಿ. ನಿಂತರೆ ನೀರು ಹಾಕಬೇಕು. ಮದುವೆಗೆಂದು ಉಟ್ಟ ಹಸಿರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೊಡ ತಂದು, ಉರಿಯುವ ಬಿಸಿಲಿನಲ್ಲಿ ತಂಬಿಗೆಯಿಂದ ಜಾಲರಿಗೆ ಹೊಯ್ಯತೊಡಗಿದಳು. ತಾನೇ ಹಾಕುತ್ತೇನೆ ಎಂದು ಬಂದ ಖಲೀಲನಿಗೆ ಕೈ ಅಡ್ಡ ಹಿಡಿದಳು.

"ನಿಮಗ ಗೊತ್ತಾಗಂಗಿಲ್ರಿ. ಎಲ್ಲಿ ಹಾಕಬೇಕು, ಎಷ್ಟ ಹಾಕಬೇಕು ನಂಗ ಗೊತ್ತೈತಿ. ನೀವು ನೀರ ತರ್ರಿ."

ಇರಮ ಒಳಗೆ ನನ್ನ ಪಕ್ಕದಲ್ಲಿ ಕೂತು ಗಾಜಿನಿಂದ ಹಂದರದ ಹಿಂಭಾಗ ನೋಡುತ್ತಿದ್ದಳು. ಕಾಣುತ್ತಿದ್ದದ್ದು ಗಂಡಸರ ಬೆನ್ನು. ಇಷ್ಟು ದೂರ ಬಂದು ಬೆನ್ನು ನೋಡುವುದಾಯಿತಲ್ಲ. ಹುಡುಗಿ ಅಳಲಿಲ್ಲ. "ಖಾಲಾ ಯಾವ ಬಣ್ಣದ್ದ ಹಾಕ್ಯಾಳ?" ಎಂದು ಮಾತ್ರ ಕೇಳಿತು.

ಈ ಮಾತನ್ನು ನಾನು ಒಳಗೆ ಹೋಗಿ ಶಬಾನಾಳಿಗೆ ಹೇಳಿದೆ. ಹೇಳಬಾರದಿತ್ತೋ ಏನೋ, ನನ್ನ ಬಾಯಿ ಸುಮ್ಮನಿರುವುದಿಲ್ಲ. ಕೆಂಪು ಬಟ್ಟೆಯಲ್ಲಿ, ಮುಖದ ಮೇಲೆ ಹೂವಿನ ಸೆಹರಾ ಇಳಿಬಿಟ್ಟುಕೊಂಡು, ಹೆಂಗಸರ ನಡುವೆ ಬೆವರಿ ಕೂತಿದ್ದ ಮದುಮಗಳು ಎದ್ದು ನಿಂತಳು. ಎಲ್ಲಿಗೆ ಎಲ್ಲಿಗೆ ಎಂದು ಹೆಂಗಸರು ಕೇಳುವಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಕಾರಿನ ಬಾಗಿಲು ತೆಗೆದು ಇರಮಳ ಪಕ್ಕ ಕೂತು ಬಾಗಿಲು ಹಾಕಿಕೊಂಡಳು. ಅವಳ ಹಿಂದೆಯೇ ಬಂದ ನಾನು ಇನ್ನೊಂದು ಬದಿಯಿಂದ ಒಳಗೆ ಸೇರಿಕೊಂಡೆ. ಹೂವಿನ ವಾಸನೆ ಕಾರಿನ ತುಂಬ ತುಂಬಿತು.

ಹೊರಗೆ ಗದ್ದಲವೆದ್ದಿತು. ನಿಕಾಹ್‌ಗೆ ಮೊದಲು ಹುಡುಗಿಯ ಒಪ್ಪಿಗೆ ಕೇಳಲು ಮನೆಯ ಒಬ್ಬ ಹಿರಿಯ, ಇಬ್ಬರು ಸಾಕ್ಷಿದಾರರು ಅವಳಿದ್ದಲ್ಲಿಗೆ ಬರುತ್ತಾರೆ. ಬಂದವರು ಶಬಾನಾಳ ಸೋದರಮಾವ ಇಬ್ರಾಹಿಂಸಾಬ. ಕೋಣೆಯಲ್ಲಿ ಮದುಮಗಳಿಲ್ಲ. ಕಾರಿನಲ್ಲಿ ಕೂತರೆ ಜನ ಏನಂದಾರು ಎಂದು ಯಾರೋ ಅಂದರು. ಇಬ್ರಾಹಿಂಸಾಬ ಟೋಪಿ ಸರಿಮಾಡಿಕೊಂಡರು.

"ಹುಡುಗಿನ್ನ ಕೇಳಬೇಕಂತ ಐತಿ. ಎಲ್ಲಿ ಕುಂದ್ರಿಸಿ ಕೇಳಬೇಕಂತ ಎಲ್ಲೂ ಬರದಿಲ್ಲ. ನಡೀರಿ" ಅಂದರು.

ಅವರು ಕಿಟಕಿಯ ಹತ್ತಿರ ಬಾಗಿದಾಗ ನಾನು ಗಾಜನ್ನು ಅರ್ಧ ಇಳಿಸಿದೆ. ಬಿಸಿಗಾಳಿ ನುಗ್ಗಿತು. ಹುಡುಗನ ಹೆಸರು, ಅವನ ತಂದೆಯ ಹೆಸರು, ಅವನು ಕೊಡುವ ಮೆಹರ್ ಹಣ ಎಲ್ಲ ಹೇಳಿ, ಒಪ್ಪಿಗೆಯೇ ಎಂದು ಕೇಳಿದರು. ಶಬಾನಾ ತಲೆ ತಗ್ಗಿಸಿದಳು. ಮೊದಲ ಸಲಕ್ಕೇ ಹೂಂ ಅನ್ನುವ ಹುಡುಗಿ ನಮ್ಮ ಯಾವ ಜಾತಿಯಲ್ಲೂ ಇಲ್ಲ. ಎರಡನೇ ಸಲ ಕೇಳಿದರು, ಬಳೆಯ ಸದ್ದಷ್ಟೇ ಬಂತು. ಮುಂದುಗಡೆ ಸಿದ್ದೀಕಾ ನೀರು ಹೊಯ್ಯುವುದನ್ನು ನಿಲ್ಲಿಸಿರಲಿಲ್ಲ. ಆಗ ಇರಮ ಖಾಲಾಳ ಸೆಹರಾವನ್ನು ಒಂದು ಬೆರಳಿನಿಂದ ಸರಿಸಿ, ಮುಖದ ಹತ್ತಿರ ಮುಖ ತಂದಳು.

"ಖಾಲಾ, ಲಗೂ ಹೇಳು. ಗ್ಲಾಸ ಮುಚ್ಚಬೇಕು. ಅವ್ವ ಬಿಸಲಾಗ ನಿಂತಾಳ."

ಶಬಾನಾ ಅಳುತ್ತಲೇ "ಕಬೂಲ್" ಅಂದಳು. ಇಬ್ರಾಹಿಂಸಾಬರ ಗಡ್ಡ ನಡುಗಿತು, ಅವರು ತಿರುಗಿ ಹೊರಟರು. ನಾನು ಗಾಜು ಏರಿಸಿದೆ. ನನಗೂ ಅಳು ಬಂತು, ಬಂತು ಎಂದೇ ಬರೆಯುತ್ತೇನೆ, ಯಾರ ಅಂಜಿಕೆ.

ಇಳಿದು ಮುಂದಕ್ಕೆ ಹೋದೆ. ತೋಯ್ದ ರೇಷ್ಮೆ ಕಾಲಿಗೆ ಅಂಟಿ, ಮುಖ ಕಪ್ಪಿಟ್ಟು ಸಿದ್ದೀಕಾ ನಿಂತಿದ್ದಳು. ಎಂಜಿನ್ ಸದ್ದಿನಲ್ಲಿ ಅವಳಿಗೆ ಏನೂ ಕೇಳಿಸಿರಲಿಲ್ಲ. ಅವಳ ಪಕ್ಕದಲ್ಲಿ ಜೈತುನಬಿ ಬಗ್ಗಿ ತುಂಬಿದ ಕೊಡ ಇಳಿಸುತ್ತಿದ್ದಳು.

"ತಂಗಿ ಏನಂದ್ಲರಿ?" ಅಂದಳು ಸಿದ್ದೀಕಾ.

"ಹೂಂ ಅಂದ್ಲು. ನಿನ್ನ ಮಗಳು ಅನ್ನಿಸಿದ್ಲು."

ಸಿದ್ದೀಕಾ ಗಾಜಿನೊಳಗೆ ನೋಡಿದಳು. ಇರಮ ಮದುಮಗಳ ಹೂವನ್ನು ತನ್ನ ತೆಳುಗೂದಲಿನ ಮೇಲೆ ಇಟ್ಟುಕೊಂಡು, ಇರುವ ನಾಲ್ಕೈದು ಹಲ್ಲನ್ನೂ ತೋರಿಸಿ ನಗುತ್ತಿದ್ದಳು. ತಾಯಿ ಬಹಳ ಹೊತ್ತು ನೋಡಿದಳು. ಆಮೇಲೆ ಅತ್ತೆಯ ಕೊಡದಲ್ಲಿ ತಂಬಿಗೆ ಅದ್ದಿದಳು.

"ಅತ್ತಿ, ಇನ್ನೂ ನಾಕ ಕೊಡ ಬೇಕು. ಹುಡುಗಿದು ಇನ್ನ ಊಟ ಆಗಿಲ್ಲ."